ರಾಕ್ಷಸಮೂಲ ಹುಡುಕಬಾರದಿತ್ತು: ‘ಏಲಿಯನ್: ಕವೆನೆಂಟ್’

ನದೀಮೂಲ, ಋಷಿಮೂಲಗಳನ್ನು ಹುಡುಕಬಾರದು ಎಂಬ ಮಾತಿಗೆ ರಾಕ್ಷಸಮೂಲವನ್ನೂ ಸೇರಿಸಿಕೊಳ್ಳಬೇಕು ಎಂದು ನನಗೆ ಅನ್ನಿಸಿದ್ದು, ರಿಡ್ಲಿ ಸ್ಕಾಟ್ ನಿರ್ದೇಶನದ ‘ಏಲಿಯನ್: ಕವೆನೆಂಟ್’ (2017) ಚಿತ್ರವನ್ನು ಎರಡನೆಯ ಸಲ ನೋಡಿ ಮುಗಿಸಿದಾಗ. ಮೊದಲ ಸಲ ಸಿಟ್ಟು ಮಾತ್ರ ಬಂದಿತ್ತು. ಈ ಸಲ ಸಿಟ್ಟಿನ ಜೊತೆಗೆ ಮೆಚ್ಚುಗೆಯೂ ಬಂದು, ಎರಡೂ ಒಂದಕ್ಕೊಂದು ಜಾಗ ಬಿಟ್ಟುಕೊಡದೆ ಕುಳಿತಿವೆ. ಇದು ಬಾಹ್ಯಾಕಾಶ ನೌಕೆಯೊಳಗೆ ಮನುಷ್ಯರನ್ನು ಕೊಲ್ಲುವ ಅನ್ಯಲೋಕದ ಪ್ರಾಣಿಯ ಕಥೆಯಾದ 1979ರ ಮೊದಲ ‘ಏಲಿಯನ್’ ಚಿತ್ರವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದವನ ಮಾತು. ಕಥೆಯ ಕೊನೆಯವರೆಗಿನ ಸಂಗತಿಗಳೂ ಇಲ್ಲಿ ಬರುವುದರಿಂದ, ಚಿತ್ರವನ್ನು ಇನ್ನೂ ನೋಡದವರು ಓದನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಕಥೆ ನಡೆಯುವುದು 2104ರಲ್ಲಿ. ಎರಡು ಸಾವಿರ ವಲಸಿಗರನ್ನೂ ಸಾವಿರಕ್ಕೂ ಹೆಚ್ಚು ಭ್ರೂಣಗಳನ್ನೂ ಹೊತ್ತು ದೂರದ ಗ್ರಹವೊಂದಕ್ಕೆ ಹೊರಟ ‘ಕವೆನೆಂಟ್’ ಎಂಬ ಬಾಹ್ಯಾಕಾಶ ನೌಕೆಯು ದಾರಿಯಲ್ಲಿ ಅಪಘಾತಕ್ಕೀಡಾಗುತ್ತದೆ. ನಾಯಕನು ನಿದ್ರಾಕೋಶದೊಳಗೇ ಸುಟ್ಟು ಸಾಯುತ್ತಾನೆ. ಉಳಿದವರು ಸಮೀಪದ ಅಪರಿಚಿತ ಗ್ರಹದಿಂದ ಬಂದ ಸಂಕೇತವನ್ನು ನಂಬಿ ಅಲ್ಲಿ ಇಳಿಯುತ್ತಾರೆ. ಅಲ್ಲಿ ಗೋಧಿ ಬೆಳೆದಿದೆ, ಆದರೆ ಒಂದು ಹಕ್ಕಿಯ ಕೂಗೂ ಇಲ್ಲ. ಈ ಮೌನವನ್ನು ಚಿತ್ರ ಬಹಳ ಚೆನ್ನಾಗಿ ಕೇಳಿಸುತ್ತದೆ. ಆದರೆ ಇದೇ ಸರಣಿಯ ಹಿಂದಿನ ‘ಪ್ರೊಮಿಥಿಯಸ್’ (2012) ಚಿತ್ರದಲ್ಲಿ ವಿಜ್ಞಾನಿಗಳು ಹೆಲ್ಮೆಟ್ ತೆಗೆದದ್ದಕ್ಕೆ ನಕ್ಕಿದ್ದ ನಮಗೆ, ಇಲ್ಲಿಯವರು ಹೆಲ್ಮೆಟ್ಟನ್ನೇ ತೊಡದೆ ಇಳಿಯುವುದನ್ನು ಕಂಡಾಗ ನಗುವುದಕ್ಕೂ ಬೇಸರವಾಗುತ್ತದೆ.

ಆ ಬೇಜವಾಬ್ದಾರಿಗೆ ತೆರುವ ಬೆಲೆಯ ದೃಶ್ಯ ಮಾತ್ರ ಇಡೀ ಸರಣಿಯಲ್ಲೇ ಎದ್ದು ನಿಲ್ಲುವಂಥದ್ದು. ಕಿವಿಯೊಳಗೆ ಹೊಕ್ಕ ಧೂಳಿನಂಥ ಕಣಗಳಿಂದ ಒಬ್ಬನು ನಡುಗತೊಡಗುತ್ತಾನೆ, ಅವನನ್ನು ಇಳಿನೌಕೆಯ ಚಿಕಿತ್ಸಾ ಕೊಠಡಿಗೆ ತರುತ್ತಾರೆ, ಹೊರಗಿದ್ದ ಪೈಲಟ್ ಭಯದಿಂದ ಬಾಗಿಲು ಹಾಕಿ ತನ್ನ ಜೊತೆಗಾರ್ತಿಯನ್ನೂ ಒಳಗೇ ಕೂಡಿಹಾಕುತ್ತಾಳೆ. ಮೊದಲ ಚಿತ್ರದಂತೆ ಎದೆಯಿಂದಲ್ಲ, ಬೆನ್ನನ್ನು ಸೀಳಿಕೊಂಡು ಬಿಳಿಯ ಪ್ರಾಣಿ ಹೊರಬರುತ್ತದೆ. ಆಮೇಲೆ ಬಂದೂಕು ಹಿಡಿದು ಓಡಿಬರುವ ಪೈಲಟ್ ನೆಲದ ಮೇಲಿನ ರಕ್ತದಲ್ಲಿ ಕಾಲು ಜಾರಿ ಬೀಳುತ್ತಾಳೆ. ಆ ಜಾರುವಿಕೆ ನನಗೆ ಬಹಳ ಹಿಡಿಸಿತು, ಏಕೆಂದರೆ ಹೆದರಿದ ಮನುಷ್ಯರು ನಿಜವಾಗಿ ಹಾಗೆಯೇ ತಡಬಡಾಯಿಸುತ್ತಾರೆ, ವೀರರಂತೆ ಗುರಿಯಿಡುವುದಿಲ್ಲ. ಅವಳ ಗುಂಡು ತಗಲುವುದು ಅನಿಲದ ಟ್ಯಾಂಕಿಗೆ, ಇಳಿನೌಕೆಯೇ ಸ್ಫೋಟಿಸುತ್ತದೆ.

ಇಷ್ಟಾದ ಮೇಲೆ ಡೇವಿಡ್ ಪ್ರವೇಶಿಸುತ್ತಾನೆ. ಅಲ್ಲಿಂದ ಚಿತ್ರವು ಬೇರೆಯೇ ಆಗುತ್ತದೆ. ‘ಪ್ರೊಮಿಥಿಯಸ್’ನ ಈ ಯಂತ್ರಮಾನವನನ್ನೂ ಕವೆನೆಂಟ್ ನೌಕೆಯ ಹೊಸ ಮಾದರಿಯಾದ ವಾಲ್ಟರ್‌ನನ್ನೂ ಮೈಕೇಲ್ ಫಾಸ್‌ಬೆಂಡರ್ ಒಬ್ಬರೇ ನಿರ್ವಹಿಸಿದ್ದಾರೆ. ಡೇವಿಡ್ ತನ್ನ ತದ್ರೂಪಿಗೆ ಕೊಳಲು ನುಡಿಸಲು ಕಲಿಸುವ ದೃಶ್ಯದಲ್ಲಿ ರಕ್ತವಿಲ್ಲ, ಓಟವಿಲ್ಲ. ಒಬ್ಬನು ಊದುತ್ತಾನೆ, ಇನ್ನೊಬ್ಬನು ರಂಧ್ರಗಳ ಮೇಲೆ ಬೆರಳಾಡಿಸುತ್ತಾನೆ. ಆದರೂ ಮೈ ಜುಮ್ಮೆನ್ನುತ್ತದೆ. ಮುಂದೆ ‘ಓಝಿಮಾಂಡಿಯಸ್’ ಕವಿತೆಯನ್ನು ಡೇವಿಡ್ ಬೈರನ್ನನದೆಂದು ಹೇಳಿ, ಅದು ಶೆಲ್ಲಿಯದೆಂದು ವಾಲ್ಟರ್‌ನಿಂದ ತಿದ್ದಿಸಿಕೊಳ್ಳುತ್ತಾನೆ. ಸೃಷ್ಟಿಕರ್ತನೆಂದು ಬೀಗುವವನ ನೆನಪಿನಲ್ಲೇ ಹುಳುಕಿದೆ ಎಂಬುದನ್ನು ಇಷ್ಟು ಸಣ್ಣ ತಪ್ಪಿನಿಂದ ತೋರಿಸಿರುವುದು ಒಳ್ಳೆಯ ಚಿತ್ರಕಥೆಯ ಲಕ್ಷಣ.

ನನ್ನ ತಕರಾರು ಹುಟ್ಟುವುದೂ ಇದೇ ಡೇವಿಡ್‌ನಿಂದ. ನಾವು ಇಷ್ಟು ವರ್ಷ ಹೆದರಿದ ಆ ಪ್ರಾಣಿ, ಸ್ವಿಸ್ ಕಲಾವಿದ ಎಚ್. ಆರ್. ಗೀಗರ್ ಅವರ ಕಲ್ಪನೆಯಿಂದ ಬಂದ ಆ ಕಪ್ಪು ಆಕೃತಿ, ಒಂಟಿತನದಲ್ಲಿ ತಲೆಕೆಟ್ಟ ಯಂತ್ರಮಾನವನೊಬ್ಬನ ಕೈಕಸುಬು ಎಂದು ಈ ಚಿತ್ರ ಹೇಳುತ್ತದೆ. ಮೊದಲ ಚಿತ್ರದಲ್ಲಿ ಪಾಳುಬಿದ್ದ ಹಡಗಿನ ಆಸನದಲ್ಲಿ ಕುಳಿತಿದ್ದ ಆ ದೈತ್ಯ ಶವವನ್ನು ನೆನಪಿಸಿಕೊಳ್ಳಿ. ಅದು ಪಳೆಯುಳಿಕೆಯಂತಾಗಿತ್ತು; ಅದರ ಪಕ್ಕೆಲುಬುಗಳು ಒಳಗಿನಿಂದ ಹೊರಕ್ಕೆ ಬಾಗಿದ್ದವು. ಮನುಷ್ಯನು ಹುಟ್ಟುವುದಕ್ಕೂ ಮೊದಲೇ ಈ ಅನಿಷ್ಟ ಇತ್ತು ಎಂಬ ಭಾವನೆ ಅಲ್ಲಿ ಒಂದು ಮಾತಿಲ್ಲದೆ ಬರುತ್ತಿತ್ತು. ಆ ಕಥೆ 2122ರದು, ಡೇವಿಡ್‌ನ ಪ್ರಯೋಗ 2104ರದು. ಹದಿನೆಂಟು ವರ್ಷಗಳಲ್ಲಿ ಹೆಣವೊಂದು ಕಲ್ಲಾಗುವುದು ಹೇಗೆ? ಜಾಣ ಅಭಿಮಾನಿಗಳು ಇದಕ್ಕೆ ಹತ್ತು ಸಮಾಧಾನಗಳನ್ನು ಹೆಣೆಯಬಲ್ಲರು, ನಾನೂ ಹೆಣೆದಿದ್ದೇನೆ. ಆದರೆ ಲೆಕ್ಕ ಸರಿಹೋದರೂ ಹೋದ ಭಯ ಮರಳಿ ಬರುವುದಿಲ್ಲ. ಯಾರೋ ಮೇಜಿನ ಮುಂದೆ ಕುಳಿತು ಚಿತ್ರ ಬರೆದು ತಯಾರಿಸಿದ್ದು ಎಂದು ತಿಳಿದ ಮೇಲೆ ಆ ಪ್ರಾಣಿ ಕೇವಲ ಅಪಾಯಕಾರಿ, ಅಷ್ಟೇ.

ಎಲಿಜಬೆತ್ ಶಾಳಿಗೆ ಆದ ಅನ್ಯಾಯವನ್ನೂ ಹೇಳಲೇಬೇಕು. ಮನುಷ್ಯರನ್ನು ಸೃಷ್ಟಿಸಿದವರು ಯಾರು, ಅವರೇಕೆ ನಮ್ಮನ್ನು ಕೊಲ್ಲಬಯಸಿದರು ಎಂದು ಕೇಳಲು ‘ಪ್ರೊಮಿಥಿಯಸ್’ನ ಕೊನೆಯಲ್ಲಿ ಹೊರಟವಳು ಇಲ್ಲಿ ಬರುವುದು ಡೇವಿಡ್ ಸೀಳಿಹಾಕಿದ ದೇಹವಾಗಿ ಮಾತ್ರ. ಆ ಸೃಷ್ಟಿಕರ್ತರ ನಗರವೂ ಒಂದು ಚಿಕ್ಕ ಹಿನ್ನೋಟದಲ್ಲಿ ನಾಶವಾಗಿಬಿಡುತ್ತದೆ. ಐದು ವರ್ಷ ಕಾಯಿಸಿ ಪ್ರಶ್ನೆಯನ್ನೇ ಅಳಿಸಿಹಾಕುವುದು ಉತ್ತರವಲ್ಲ.

ಚಿತ್ರದ ಕೊನೆಯ ಭಾಗದಲ್ಲಿ ಹಳೆಯ ರಾಕ್ಷಸ ನೌಕೆಯೊಳಗೆ ಓಡಾಡುತ್ತಾನೆ, ಇಬ್ಬರನ್ನು ಸ್ನಾನದ ಕೋಣೆಯಲ್ಲಿ ಕೊಲ್ಲುತ್ತಾನೆ, ಎಂದಿನಂತೆ ಬಾಹ್ಯಾಕಾಶಕ್ಕೆ ದೂಡಲ್ಪಡುತ್ತಾನೆ. ಹೆಸರು ‘ಏಲಿಯನ್’ ಎಂದಿರುವುದರಿಂದ ತೀರಿಸಲೇಬೇಕಾದ ಬಾಕಿಯಂತೆ ಇದೆಲ್ಲ ಅವಸರದಲ್ಲಿ ಮುಗಿಯುತ್ತದೆ.

ಕೊನೆಯ ಕೆಲವು ನಿಮಿಷಗಳ ಮಾತೇ ಬೇರೆ. ನೌಕೆಗೆ ಮರಳಿದವನು ವಾಲ್ಟರ್ ಅಲ್ಲ, ಡೇವಿಡ್ ಎಂಬುದನ್ನು ನಾನು ಬಹಳ ಮೊದಲೇ ಊಹಿಸಿದ್ದೆ. ಆದರೂ ನಿದ್ರಾಕೋಶದಲ್ಲಿ ಮಲಗಿದ ಡೇನಿಯಲ್ಸ್ (ಮೊದಲಲ್ಲೇ ಸುಟ್ಟು ಸತ್ತ ನಾಯಕನ ಹೆಂಡತಿ), ತೀರಿಹೋದ ಗಂಡ ಕನಸು ಕಂಡಿದ್ದ ಸರೋವರದ ದಡದ ಮನೆಯ ಮಾತೆತ್ತಿದಾಗ, ಎದುರಿಗಿದ್ದವನ ಮುಖದಲ್ಲಿ ಗುರುತಿನ ಸುಳಿವೇ ಇಲ್ಲದ್ದನ್ನು ಕಂಡು ಕಿರುಚುವ ಆ ಕ್ಷಣ ಎರಡನೆಯ ಸಲವೂ ನನ್ನನ್ನು ಹಿಡಿದು ಅಲ್ಲಾಡಿಸಿತು. ಆಮೇಲೆ ಡೇವಿಡ್ ವಾಗ್ನರ್ ಸಂಗೀತವನ್ನು ಹಾಕಿಸಿ, ತನ್ನ ಗಂಟಲಿನಿಂದ ಆ ಪ್ರಾಣಿಯ ಎರಡು ಪುಟ್ಟ ಭ್ರೂಣಗಳನ್ನು ಹೊರತೆಗೆದು, ಮನುಷ್ಯರ ಭ್ರೂಣಗಳ ಪಕ್ಕದಲ್ಲಿ ಜೋಪಾನವಾಗಿ ಜೋಡಿಸಿಡುತ್ತಾನೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಓಡಿಬರುವ, ಬಾಯಿ ತೆರೆಯುವ ಪ್ರಾಣಿ ಒಂದೂ ಇರುವುದಿಲ್ಲ.