‘ಮಿನಿಟ್ಸ್’ ಅಂದರೆ ನಿಮಿಷವಂತೆ! ಇಂಗ್ಲಿಷ್–ಗ್ರೀಕ್ ಪದಗಳ ಕಾರ್ಡ್ ಡಬ್ಬಿಗೆ ಮೂರು ಸ್ಟಾರ್

ಡಬ್ಬಿಯ ಮೇಲೆ ‘ಮೀಟಿಂಗ್ಸ್ ಅಂಡ್ ಗ್ಯಾದರಿಂಗ್ಸ್’ ಅಂತ ಅಚ್ಚಾಗಿದೆ. ಒಳಗೆ 96 ಕಾರ್ಡು, ಒಂದು ಕಿರುಪುಸ್ತಕ, ಕಾರ್ಡು ಕಟ್ಟಿಡಲು ಒಂದು ರಬ್ಬರ್ ಬ್ಯಾಂಡು. ಕಾರ್ಡಿನ ಒಂದು ಬದಿ ಇಂಗ್ಲಿಷ್ ಪದ, ಹಿಂಬದಿ ಗ್ರೀಕ್ ಪದ, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ. ಕೊರಿಯರ್ ಸೇರಿ 740 ರೂಪಾಯಿ ಬಿತ್ತು. ರಬ್ಬರ್ ಬ್ಯಾಂಡು ಎರಡನೇ ದಿನಕ್ಕೇ ಹರಿಯಿತು.

ದಾವಣಗೆರೆಯಲ್ಲಿ ಕೂತವನಿಗೆ ಗ್ರೀಕ್ ಯಾಕ್ರೀ ಅಂತ ಮನೆಯವಳೂ ಕೇಳಿದಳು. ನಾನು ಇಲ್ಲಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ 27 ವರ್ಷ ಕಾರ್ಯದರ್ಶಿಯಾಗಿದ್ದು ಹೋದ ವರ್ಷ ನಿವೃತ್ತನಾದವನು. ಸಾಲ, ಠೇವಣಿಗಳ ಲೆಕ್ಕ ಗುಮಾಸ್ತರದು. ನನ್ನ ಕೈಯಲ್ಲಿ ಮುಖ್ಯವಾಗಿ ಬರೆಸಿಕೊಂಡದ್ದು ಎರಡು: ಸಭೆಗೆ ಮುಂಚೆ ತಿಳುವಳಿಕೆ ಪತ್ರ, ಸಭೆ ಆದ ಮೇಲೆ ನಡಾವಳಿ, ಅಂದರೆ ಇಂಗ್ಲಿಷಿನವರ ‘ಮಿನಿಟ್ಸ್’. ಮಗಳು ಗ್ರೀಸಿನ ಥೆಸಲೊನೀಕಿಯಲ್ಲಿ ಓದುತ್ತಿದ್ದಾಳೆ. ಅವಳ ಬಾಡಿಗೆ ಮನೆ ಇರುವ ಕಟ್ಟಡದಲ್ಲಿ, ಲಿಫ್ಟಿನ ಪಕ್ಕ ಅಂಟಿಸಿದ್ದ ಒಂದು ಹಾಳೆಯ ಫೋಟೊ ಕಳಿಸಿ, ‘ಅಪ್ಪಾಜಿ, ನಿಮ್ಮ ಕಸುಬು ಇಲ್ಲೂ ಇದೆ ನೋಡ್ರಿ’ ಅಂದಳು.

ಅದರಲ್ಲಿ ನನಗೆ ಒಂದಕ್ಷರವೂ ಗೊತ್ತಿರಲಿಲ್ಲ. ಆದರೆ ನಡುವೆ ದಪ್ಪಕ್ಷರದ ತಲೆಬರಹ, ಕೆಳಗೆ ತಾರೀಖು, ಹೊತ್ತು, ಆಮೇಲೆ ಒಂದರಿಂದ ಐದರವರೆಗೆ ಅಂಕಿ ಹಾಕಿದ ಸಾಲುಗಳು, ಕೊನೆಗೆ ಒಂದು ಸಹಿ. ಯಾವ ಲಿಪಿಯಲ್ಲಿ ಬರೆದರೂ ಸಭೆಯ ನೋಟಿಸಿನ ಮುಖ ನನಗೆ ತಿಳಿಯದೆ ಇರುತ್ತದೆಯೇ? ಐದನೇ ಸಾಲು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಇರಬೇಕು ಅಂತ ಆವತ್ತೇ ಹೇಳಿದ್ದೆ. ಮೊಬೈಲು ಮುಂದೆ ಹಿಡಿದರೆ ತಾನೇ ಅನುವಾದ ಮಾಡಿಕೊಡುತ್ತೆ ಅಂಕಲ್ ಅಂದ ಪಕ್ಕದ ಮನೆ ಹುಡುಗ. ಮಾಡಲಿ. ನನಗೆ ಅದನ್ನು ನಾನೇ ಓದಬೇಕಿತ್ತು. ಹಾಗಾಗಿ ಈ ಡಬ್ಬಿ.

ಕಿರುಪುಸ್ತಕದ ಮೊದಲ ಎರಡು ಪುಟದಲ್ಲಿ 24 ಅಕ್ಷರಗಳಿವೆ, ಚೆನ್ನಾಗಿ ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಅರ್ಧ ಗಂಟೆ ಕೂತರೆ ಹತ್ತು ದಿನದ ಕೆಲಸ. ಕಷ್ಟ ಕೊಡುವುದು ಹೊಸ ಅಕ್ಷರವಲ್ಲ, ಪರಿಚಯದ ಮುಖ ಹೊತ್ತು ಬರುವ ಅಕ್ಷರ. ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ಅಲ್ಲಿ ‘ರ’, ‘ಎಚ್’ನಂತೆ ಕಾಣುವುದು ‘ಇ’, ‘ಬಿ’ಯಂತೆ ಕಾಣುವುದು ‘ವ’. ಇನ್ನೊಂದು ಸೋಜಿಗ. ಪ್ರಶ್ನೆ ಇದ್ದ ಕಾರ್ಡುಗಳಲ್ಲೆಲ್ಲ ಕೊನೆಗೆ ಅರ್ಧವಿರಾಮದ ಚಿಹ್ನೆ ಇತ್ತು. ಅಚ್ಚಿನ ತಪ್ಪು ಅಂದುಕೊಂಡು ಪೆನ್ಸಿಲಿನಲ್ಲಿ ಹನ್ನೊಂದು ಕಾರ್ಡು ತಿದ್ದಿಯೂ ಬಿಟ್ಟೆ. ಗ್ರೀಕರ ಪ್ರಶ್ನಾರ್ಥಕ ಚಿಹ್ನೆಯೇ ಅದು ಅಂತ ಮಗಳು ಹೇಳಿದ ಮೇಲೆ ಹನ್ನೊಂದನ್ನೂ ರಬ್ಬರಿನಲ್ಲಿ ಅಳಿಸಬೇಕಾಯಿತು. ಇದನ್ನು ಒಂದು ಸಾಲಿನಲ್ಲಿ ಹೇಳಲು ಕಿರುಪುಸ್ತಕದಲ್ಲಿ ಜಾಗ ಇರಲಿಲ್ಲವೇ?

ಉಚ್ಚಾರದ ವಿಷಯಕ್ಕೆ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ. ಅಕ್ಷರಕ್ಕೆ ಅಕ್ಷರ ಇಟ್ಟು ಬರೆದಿದ್ದಾರೆ, ಬಾಯಲ್ಲಿ ಬರುವ ಹಾಗೆ ಬರೆದಿಲ್ಲ. ವಿಚಾರ ಸಂಕಿರಣಕ್ಕೆ ‘ಸಿಂಪೋಸಿಯೊ’ ಅಂತ ಓದುವ ಹಾಗಿದೆ. ಅವರು ಅನ್ನುವುದು ‘ಸಿಂಬೋಸಿಯೊ’. (ಹಿಂದಿನ ಕಾಲಕ್ಕೆ ಅದರ ಅರ್ಥ ಒಟ್ಟಿಗೆ ಕೂತು ಕುಡಿಯುವುದು. ನಮ್ಮ ಕೆಲವು ವಿಚಾರ ಸಂಕಿರಣಗಳ ರಾತ್ರಿ ನೆನಪಾಯಿತು, ಇರಲಿ.) ಭೇಟಿ ಅನ್ನುವುದಕ್ಕೆ ‘ಸಿನಾಂತಿಸಿ’ ಅಂತಿದೆ. ಮಗಳ ಬಾಯಲ್ಲಿ ಕೇಳಿದ್ದು ‘ಸಿನಾಂದಿಸಿ’. ಕೊನೆಗೆ ಎಲ್ಲ ಕಾರ್ಡಿನ ಮೂಲೆಯಲ್ಲೂ ಬಾಲ್‌ಪೆನ್ನಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಎರಡು ಮೂರು ಸದ್ದುಗಳನ್ನು ಬಿಟ್ಟರೆ ನಮ್ಮ ಲಿಪಿಗೆ ಗ್ರೀಕ್ ಸಲೀಸಾಗಿ ಬಗ್ಗುತ್ತದೆ.

ಅದಕ್ಕಿಂತ ದೊಡ್ಡ ಲೋಪ ಒತ್ತಿನದು. ಗ್ರೀಕ್ ಪದದಲ್ಲಿ ಎಲ್ಲಿ ಒತ್ತಿ ಹೇಳಬೇಕೋ ಆ ಸ್ವರದ ನೆತ್ತಿಯ ಮೇಲೆ ಒಂದು ಸಣ್ಣ ಗೀಟು ಇರುತ್ತದೆ. ಮೊದಲು ನಾನಾ ಬಗೆಯ ಗೀಟುಗಳಿದ್ದವಂತೆ, 1982ರಲ್ಲಿ ಸರ್ಕಾರವೇ ಒಂದಕ್ಕೆ ಇಳಿಸಿತು. ಗ್ರೀಕ್ ಲಿಪಿಯಲ್ಲಿ ಗೀಟು ಸರಿಯಾಗಿದೆ, ಕೆಳಗಿನ ಇಂಗ್ಲಿಷ್ ಉಚ್ಚಾರದಲ್ಲಿ ಅದು ಹಾರಿಹೋಗಿದೆ. ಆದದ್ದೇನು? ಒಂದು ಭಾನುವಾರ ವಿಡಿಯೊ ಕಾಲಿನಲ್ಲಿ, ಸಭೆ ಯಾವಾಗ ಅಂತ ಗ್ರೀಕಿನಲ್ಲಿ ಕೇಳಿ ಮಗಳನ್ನು ಬೆರಗುಗೊಳಿಸೋಣ ಅಂತ ‘ಪೊತೇ’ ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ‘ಪೋತೆ’ ಅಂದರೆ ಯಾವಾಗ. ‘ಪೊತೇ’ ಅಂದರೆ ಎಂದೂ ಇಲ್ಲ.

ಇನ್ನು ಪದಗಳಿಗೆ ಬರೋಣ. ಇಂಗ್ಲಿಷಿನ ‘ಮೀಟಿಂಗ್’ ಅನ್ನುವ ಒಂದೇ ಪದಕ್ಕೆ ಇಲ್ಲಿ ಮೂರು ಕಾರ್ಡುಗಳಿವೆ: ಸಿನಾಂದಿಸಿ, ಸೀಸ್ಕೆಪ್ಸಿ, ಸಿನೆದ್ರೀಆಸಿ. ಮುಂಬದಿಯಲ್ಲಿ ಮೀಟಿಂಗ್ ಒಂದು, ಮೀಟಿಂಗ್ ಎರಡು, ಮೀಟಿಂಗ್ ಮೂರು ಅಂತ ಅಂಕಿ ಹಾಕಿ ಕೈ ತೊಳೆದುಕೊಂಡಿದ್ದಾರೆ. ಯಾವುದನ್ನು ಎಲ್ಲಿ ಬಳಸಬೇಕು? ಮಗಳು ತನ್ನ ಪ್ರೊಫೆಸರನ್ನು ಕಾಣುವುದೂ ಮೀಟಿಂಗು, ನಮ್ಮ ಆಡಳಿತ ಮಂಡಳಿ ಕೂತು ಠರಾವು ಪಾಸು ಮಾಡುವುದೂ ಮೀಟಿಂಗೇ? ಅವಳು ಬಿಡಿಸಿ ಹೇಳಿದ ಮೇಲೆ ನನ್ನ ಲೆಕ್ಕ ಹೀಗಾಯಿತು: ಸಿನಾಂದಿಸಿ ಅಂದರೆ ಭೇಟಿ, ಇಬ್ಬರಿದ್ದರೂ ಸಾಕು. ಸೀಸ್ಕೆಪ್ಸಿ ಅಂದರೆ ಸಮಾಲೋಚನೆ. ಸಿನೆದ್ರೀಆಸಿ ಅಂದರೆ ಮಂಡಳಿಯ ಸಭೆ, ಅಜೆಂಡಾ ಇಟ್ಟುಕೊಂಡು ಕೂರುವಂಥದ್ದು. ಇವೆಲ್ಲದರ ಮೇಲೆ ‘ಯೆನಿಕೀ ಸಿನೇಲೆಫ್ಸಿ’, ನಮ್ಮ ಸರ್ವಸದಸ್ಯರ ಮಹಾಸಭೆ. ಲಿಫ್ಟಿನ ಪಕ್ಕದ ಹಾಳೆಯಲ್ಲಿ ದಪ್ಪಕ್ಷರದಲ್ಲಿದ್ದದ್ದು ಇದೇ. ಅದನ್ನು ಓದಿದ ದಿನ ಡಬ್ಬಿಯ ದುಡ್ಡು ಅರ್ಧ ಹುಟ್ಟಿತು ಅನ್ನಿಸಿತು.

ಈ ಪದಗಳ ತಲೆಯಲ್ಲೆಲ್ಲ ಇರುವ ‘ಸಿನ್’ ಅಂದರೆ ಜೊತೆಗೆ, ಕೂಡಿ. ನಮ್ಮ ಸಂಘ, ಸಮಿತಿ, ಸಮ್ಮೇಳನ, ಸಮಾವೇಶಗಳ ‘ಸಂ’ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಕಿರುಪುಸ್ತಕದ ಕೊನೆಯಲ್ಲಿ ಪದಗಳನ್ನು ಒಡೆದು ತೋರಿಸಿರುವ ನಾಲ್ಕು ಪುಟಗಳಿವೆ. ಇಡೀ ಡಬ್ಬಿಯಲ್ಲಿ ನನಗೆ ಹಿಡಿಸಿದ್ದು ಅದೇ. ಸಿನೇಲೆಫ್ಸಿ ಕೂಡಿ ಬರುವುದು, ಸಿನೇದ್ರಿಯೊ ಕೂಡಿ ಕೂರುವುದು, ಸೀನೊದೊಸ್ ಕೂಡಿ ನಡೆಯುವ ದಾರಿ, ಸೀಸ್ಕೆಪ್ಸಿ ಕೂಡಿ ಯೋಚಿಸುವುದು. ನಮ್ಮ ಮಂಡಳಿಯಲ್ಲಿ ಕೂಡಿ ಬರುವುದಕ್ಕೆ, ಕೂಡಿ ಕೂರುವುದಕ್ಕೆ ಎಂದೂ ಬರ ಇರಲಿಲ್ಲ. ನಾಲ್ಕನೆಯದನ್ನು ನಾನು ನಡಾವಳಿಯಲ್ಲಿ ಬರೆದದ್ದು ಉಂಟು, ನೋಡಿದ್ದು ಕಡಿಮೆ.

ಅಧ್ಯಕ್ಷರು ‘ಪ್ರೋಎದ್ರೊಸ್’, ಅಂದರೆ ಮುಂದಿನ ಪೀಠದವರು. ಕಾರ್ಯದರ್ಶಿ ‘ಗ್ರಮಾತೇಆಸ್’. ಅದರ ಮೂಲ ‘ಗ್ರಾಮ’, ಅಂದರೆ ಅಕ್ಷರ. ನಮ್ಮ ಭಾಷೆಯಲ್ಲಿ ನಾನು ಕಾರ್ಯವನ್ನು ದರ್ಶಿಸುವವನು, ಅವರಲ್ಲಿ ಅಕ್ಷರದವನು. ನಿಜ ಹೇಳಬೇಕೆಂದರೆ ಅವರ ಪದವೇ ಸರಿ.

ಇಷ್ಟೆಲ್ಲ ಬಲ್ಲವರು ಆ ಒಂದು ಕಾರ್ಡನ್ನು ಹೇಗೆ ಕೆಡಿಸಿದರೋ! 61ನೇ ಕಾರ್ಡು. ಮುಂದೆ ‘ಮಿನಿಟ್ಸ್’, ಹಿಂದೆ ‘ಲೆಪ್ತಾ’. ಮಗಳಿಗೆ ಹೆಮ್ಮೆಯಿಂದ ಬರೆದೆ: ನಿಮ್ಮಪ್ಪ 27 ವರ್ಷ ಲೆಪ್ತಾ ಬರೆದವನು ಕಣಮ್ಮ. ‘ಅಪ್ಪಾಜಿ, ಲೆಪ್ತಾ ಅಂದರೆ ಗಡಿಯಾರದ ನಿಮಿಷ. ಇಲ್ಲಿ ಯೂರೊದ ಚಿಲ್ಲರೆ ಕಾಸಿಗೂ ಅದೇ ಹೆಸರು’ ಅಂತ ಉತ್ತರ ಬಂತು. ಸಭೆಯ ನಡಾವಳಿಗೆ ಅಲ್ಲಿ ‘ಪ್ರಕ್ತಿಕಾ’ ಅನ್ನುತ್ತಾರೆ, ನಡೆದ ಕೆಲಸಗಳ ದಾಖಲೆ. ಯಾರೋ ನಿಘಂಟಿನಲ್ಲಿ ‘ಮಿನಿಟ್’ ಹುಡುಕಿ, ಕಣ್ಣಿಗೆ ಮೊದಲು ಬಿದ್ದದ್ದನ್ನು ಎತ್ತಿ ಅಂಟಿಸಿದ್ದಾರೆ. ಬೇರೆಯವರಿಗೆ ಇದು 96ರಲ್ಲಿ ಒಂದು ತಪ್ಪು. ನನಗೆ ಹಾಗಲ್ಲ. ಸಭೆಗೆ ಬಂದವರು ಮಾತಾಡಿ ಹೋಗುತ್ತಾರೆ, ಉಳಿಯುವುದು ನಡಾವಳಿ ಪುಸ್ತಕ. ಲೆಕ್ಕ ಪರಿಶೋಧಕರು ಬಂದಾಗ ಮೊದಲು ಕೇಳುವ ಪುಸ್ತಕಗಳಲ್ಲಿ ಅದೊಂದು. ಎರಡನೇ ಸ್ಟಾರ್ ಹೋದದ್ದು ಇಲ್ಲಿ.

ಕೋರಂಗೆ, ಅಂದರೆ ಸಭೆ ನಡೆಯಲು ಇರಲೇಬೇಕಾದಷ್ಟು ಹಾಜರಿಗೆ, ‘ಅಪಾರ್ತೀಆ’ ಅಂತ ಸರಿಯಾಗಿ ಕೊಟ್ಟಿದ್ದಾರೆ. ಅದರ ಜೊತೆಗೆ ಪುಸ್ತಕದಲ್ಲಿರುವ ಟಿಪ್ಪಣಿಯನ್ನು ಎರಡು ಸಲ ಓದಿದೆ. ಈಗ ಗ್ರೀಕರು ಚರ್ಚಿಗೆ ‘ಎಕ್ಲಿಸೀಆ’ ಅನ್ನುತ್ತಾರಲ್ಲ, ಪ್ರಾಚೀನ ಅಥೆನ್ಸಿನಲ್ಲಿ ಅದು ನಾಗರಿಕರ ಮಹಾಸಭೆಯ ಹೆಸರು. ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಸೇರುತ್ತಿದ್ದರು. ಕೆಲವು ತೀರ್ಮಾನಗಳಿಗೆ 6,000 ಜನ ಇರಲೇಬೇಕಿತ್ತು. ಆರು ಸಾವಿರ! ನಮ್ಮ ಮಹಾಸಭೆಗೆ ಮಂಡಕ್ಕಿ, ಮಿರ್ಚಿ, ಚಹಾದ ವ್ಯವಸ್ಥೆ ಮಾಡಿ ಅರ್ಧ ಗಂಟೆ ಕಾದರೂ ಕುರ್ಚಿ ತುಂಬುತ್ತಿರಲಿಲ್ಲ. ಅಲ್ಲಿ ಮಾರುಕಟ್ಟೆಯಲ್ಲಿ ಹರಟುತ್ತ ನಿಂತವರನ್ನು ಕೆಂಪು ಬಣ್ಣ ಹಚ್ಚಿದ ಹಗ್ಗ ಹಿಡಿದು ಗುಡ್ಡದ ಕಡೆಗೆ ಅಟ್ಟುತ್ತಿದ್ದರಂತೆ. ಬಟ್ಟೆಗೆ ಬಣ್ಣ ಹತ್ತಿದವನು ತಪ್ಪಿಸಿಕೊಳ್ಳಲು ನೋಡಿದವನು ಅಂತ ಊರಿಗೇ ಗೊತ್ತು. ಮುಂದೆ ಒಂದು ಕಾಲಕ್ಕೆ, ಸಭೆಗೆ ಬಂದವರಿಗೆ ಭತ್ಯೆಯನ್ನೂ ಕೊಡತೊಡಗಿದರು. ಇದೆಲ್ಲ ನನಗೆ ಮುಂಚೆ ಗೊತ್ತಿದ್ದರೆ ಮಂಡಿಪೇಟೆಯಲ್ಲಿ ಎರಡು ಮಾರು ಹಗ್ಗ ತರಿಸಿಡುತ್ತಿದ್ದೆ. ಅಂದಹಾಗೆ ಆ ಮಹಾಸಭೆಗೆ ಹೆಂಗಸರಿಗೂ ಗುಲಾಮರಿಗೂ ಪ್ರವೇಶವಿರಲಿಲ್ಲ. ಪುಸ್ತಕದವರು ಅದನ್ನು ಬರೆದಿಲ್ಲ, ಬರೆಯಬೇಕಿತ್ತು. ಅಕ್ಕಮಹಾದೇವಿ ಬಂದು ಕೂತ ಅನುಭವ ಮಂಟಪದ ಕಥೆ ಕೇಳಿ ಬೆಳೆದ ನಮಗೆ ಆ ಖಾಲಿ ಜಾಗ ಬೇಗ ಕಾಣುತ್ತದೆ.

‘ಪನಿಯೀರಿ’ ಅನ್ನುವ ಕಾರ್ಡಿನ ಮುಂದೆ ‘ಫೇರ್’ ಅಂತಿದೆ. ಎಕ್ಸಿಬಿಷನ್ ಇರಬೇಕು ಅಂದುಕೊಂಡಿದ್ದೆ. ಮಗಳು ಹೋದ ಆಗಸ್ಟ್ 15ಕ್ಕೆ ಗೆಳತಿಯ ಹಳ್ಳಿಗೆ ಹೋಗಿದ್ದಳು. ಅಲ್ಲಿ ಅದು ಮೇರಿ ಮಾತೆಯ ದೊಡ್ಡ ಹಬ್ಬ. ಪರ ಊರು ಸೇರಿದವರೆಲ್ಲ ಹಳ್ಳಿಗೆ ಮರಳುತ್ತಾರೆ, ಚೌಕದಲ್ಲಿ ಉದ್ದುದ್ದ ಮೇಜು, ಊಟ, ವಾದ್ಯ, ಕೈ ಕೈ ಹಿಡಿದು ಬೆಳಗಿನ ಜಾವದವರೆಗೆ ಕುಣಿತ. ‘ಥೇಟ್ ನಮ್ಮ ದುಗ್ಗಮ್ಮನ ಜಾತ್ರೆ ಅಪ್ಪಾಜಿ, ಆದರೆ ಪ್ರತಿ ವರ್ಷ’ ಅಂದಳು. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ. ಕಾರ್ಡಿನಲ್ಲಿ ‘ಫೇರ್’ ಹೊಡೆದು ‘ಜಾತ್ರೆ’ ಅಂತ ಬರೆದಿದ್ದೇನೆ.

ಉಳಿದಂತೆ ಹುಟ್ಟುಹಬ್ಬ, ಪಾರ್ಟಿ, ಆಹ್ವಾನ ಇತ್ಯಾದಿ ಮೂವತ್ತು ಕಾರ್ಡು ಇವೆ, ಹೇಳುವಂಥದ್ದೇನೂ ಇಲ್ಲ. ‘ಹೌದು’ ಅನ್ನುವುದಕ್ಕೆ ಅವರು ‘ನೆ’ ಅನ್ನುತ್ತಾರೆ, ನಮ್ಮ ಕಿವಿಗೆ ‘ನೋ’ ಅಂದಂತೆ ಕೇಳುತ್ತದೆ ಎಂಬುದು ಮಾತ್ರ ನೆನಪಿರಲಿ. ಬೇಡ ಅನ್ನಲು ತಲೆಯನ್ನು ಅಡ್ಡಡ್ಡ ಆಡಿಸದೆ ಮೇಲಕ್ಕೆ ಎತ್ತಿ ಲೊಚ್ ಅನ್ನುವುದೂ ಉಂಟಂತೆ. ಕಾರ್ಡು ಓದಿ ಅಲ್ಲಿ ಹೋಗಿ ಕೂತ ನಮ್ಮವನು ಯಾವ ಠರಾವಿಗೆ ಒಪ್ಪಿಗೆ ಕೊಟ್ಟು ಬರುತ್ತಾನೋ.

ಅಂತೂ 23 ದಿನಕ್ಕೆ ಆ ಹಾಳೆಯನ್ನು ಓದಿ ಮುಗಿಸಿದೆ. ಛಾವಣಿ ಸೋರಿಕೆಯ ರಿಪೇರಿ, ಹೀಟರಿನ ಎಣ್ಣೆ ಖರ್ಚು, ಬಾಕಿದಾರರು, ಹೊಸ ಮೇಲ್ವಿಚಾರಕರ ನೇಮಕ. ಐದನೆಯದು ನಾನು ಅಂದಂತೆಯೇ ಇತರೆ ವಿಷಯಗಳು. ಅದರಡಿ ಸಣ್ಣಕ್ಷರದಲ್ಲಿ: ಅಪಾರ್ತೀಆ ಆಗದಿದ್ದರೆ ಮುಂದಿನ ವಾರ ಅದೇ ಜಾಗ, ಅದೇ ಹೊತ್ತಿಗೆ ಮತ್ತೆ ಸೇರುವುದು. ಅಕ್ಷರ ಬೇರೆ, ವಾಕ್ಯ ನನ್ನದೇ. ನಮ್ಮ ನೋಟಿಸಿನಲ್ಲಿ ಒಂದು ವಾರದ ಬದಲು ಅರ್ಧ ಗಂಟೆ ಇರುತ್ತಿತ್ತು, ಅಷ್ಟೇ.

ಯಾರು ಕೊಳ್ಳಬಹುದು? ಅಲ್ಲಿ ಓದಲು, ಕೆಲಸಕ್ಕೆ ಹೋಗುವ ಮಕ್ಕಳು ಕೊಳ್ಳಲಿ, ಆದರೆ ಗ್ರೀಕ್ ಬಲ್ಲವರೊಬ್ಬರು ಫೋನಿನಲ್ಲಿ ಸಿಗುವ ಹಾಗಿದ್ದರೆ ಮಾತ್ರ. ಒಬ್ಬರೇ ಕೂತು ಕಲಿಯುವವರಿಗೆ ನಾನು ಹೇಳಲಾರೆ. ಕಾಗದ ದಪ್ಪಗಿದೆ, ಮೇಲೆ ಚಹಾ ಚೆಲ್ಲಿದರೂ ಒರೆಸಬಹುದು, ಪರೀಕ್ಷೆ ಆಗಿದೆ. ಮಾರುವವರಿಗೆ 61ನೇ ಕಾರ್ಡಿನ ಬಗ್ಗೆ ಇಮೇಲ್ ಹಾಕಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಒಂದು ಸಾಲು ಬಂತು, ಅದರ ಕೆಳಗೇ ‘ಬ್ಯಾಂಕು ಮತ್ತು ಅಂಚೆ ಕಚೇರಿ’ ಎಂಬ ಎರಡನೇ ಡಬ್ಬಿಯ ಜಾಹೀರಾತು. ನಾನು ತರಿಸಿಕೊಡಲಾ ಅಂತ ಮಗಳು ಕೇಳಿದಳು. ಮೊದಲು ಅವರು ಮಿನಿಟ್ಸ್ ತಿದ್ದಲಿ ತಾಯಿ, ಆಮೇಲೆ ನೋಡೋಣ ಅಂದೆ.