ಜೀನ್ಸ್ ಹೊಲಿಯುತ್ತದೆಂದು ಮಾರುವ ಬ್ಯಾಟರಿ ಕೈಯಂತ್ರವನ್ನು ದಯವಿಟ್ಟು ತರಿಸಬೇಡಿ

ಹಳೆಯ ಜೀನ್ಸ್ ಪ್ಯಾಂಟಿನಿಂದ ಮನೆಯಲ್ಲೇ ಸ್ಕರ್ಟು, ಜಾಕೆಟ್ಟು ಹೊಲಿದುಕೊಳ್ಳಬಹುದೆಂದು ಮೊಬೈಲಿನ ಜಾಹೀರಾತುಗಳಲ್ಲಿ ತೋರಿಸಿ ಮಾರುತ್ತಿರುವ, ಸ್ಟೇಪ್ಲರ್ ಆಕಾರದ ಬ್ಯಾಟರಿ ಹೊಲಿಗೆ ಯಂತ್ರವನ್ನು ದಯವಿಟ್ಟು ಯಾರೂ ಕೊಳ್ಳಬೇಡಿ. ‘ಎಂಟು ಪದರ ಜೀನ್ಸ್ ಕೂಡ ಸಲೀಸು’ ಎಂಬ ಮಾತಿಗೆ ನಾನು 1,499 ರೂಪಾಯಿ ತೆತ್ತಿದ್ದೇನೆ. ಹಣ ಹೋದದ್ದಕ್ಕಿಂತ, ನಾನು ಹೊಲಿದ ಸ್ಕರ್ಟ್ ತೊಟ್ಟು ಕಾಲೇಜಿಗೆ ಹೋದ ಅಕ್ಕನ ಮಗಳಿಗೆ ಆದ ಅವಮಾನ ನನ್ನನ್ನು ಇನ್ನೂ ಸುಡುತ್ತಿದೆ.

ಪ್ಯಾಂಟನ್ನು ಸ್ಕರ್ಟ್ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಕಾಲುಗಳ ಒಳಹೊಲಿಗೆ ಬಿಚ್ಚಿ, ಅಗಲವಾದ ಎರಡು ಕಾಲುಗಳ ನಡುವಿನ ಜಾಗಕ್ಕೆ ಇನ್ನೊಂದು ಪ್ಯಾಂಟಿನಿಂದ ಕತ್ತರಿಸಿದ ತ್ರಿಕೋನದ ತುಂಡನ್ನು ಜೋಡಿಸಿದರೆ ಆಯಿತು. ಆದರೆ ಜೀನ್ಸ್‌ನ ಗಟ್ಟಿ ಹೊಲಿಗೆಯಲ್ಲಿ ಬಟ್ಟೆ ಒಂದರೊಳಗೊಂದು ಮಡಚಿಕೊಂಡು ನಾಲ್ಕು ಪದರವಾಗಿರುತ್ತದೆ. ಕೆಳಅಂಚನ್ನು ಎರಡು ಮಡಿಕೆ ಮಾಡಿದರೆ ಅದೇ ಜಾಗ ಹನ್ನೆರಡು ಪದರವಾಗುತ್ತದೆ. ಅಲ್ಲಿಗೆ ಬಂದೊಡನೆ ಯಂತ್ರ ಗೊರಗೊರ ಎಂದು ನಿಂತು, ಸೂಜಿ ಬಾಗಿತು. ಎರಡೇ ಪದರವಿದ್ದ ಕಡೆ ಹೇಗೋ ಹೊಲಿಯಿತು, ನೋಡಲು ಚೆನ್ನಾಗಿಯೇ ಇತ್ತು. ಬಸ್ಸಿನ ಸೀಟಿಗೆ ದಾರದ ತುದಿ ಸಿಕ್ಕಿದ್ದೇ ತಡ, ಆ ಹೊಲಿಗೆ ಸರ್ರನೆ ಮೊಣಕಾಲಿನಿಂದ ಮೇಲಿನವರೆಗೂ ಬಿಚ್ಚಿಕೊಂಡಿತು. ಪಾಪ, ಗೆಳತಿಯ ದುಪಟ್ಟಾ ಸುತ್ತಿಕೊಂಡು ಮನೆಗೆ ಬಂದಳು.

ನಮ್ಮದು ಬಳ್ಳಾರಿ. ಗಲ್ಲಿಗಲ್ಲಿಯಲ್ಲಿ ಜೀನ್ಸ್ ಹೊಲಿಯುವ ಊರಿನವಳೇ ಹೀಗೆ ಟೋಪಿ ಹಾಕಿಸಿಕೊಂಡೆನೆಂದು ಮನೆಯವರೆಲ್ಲ ನಕ್ಕರು. ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಮಾಡುವ ಭಾವ ಮಾತ್ರ ನಗಲಿಲ್ಲ. ಬಟ್ಟೆಯನ್ನು ಮಗುಚಿ, ಉಳಿದಿದ್ದ ಹೊಲಿಗೆಯ ದಾರವನ್ನು ಎರಡು ಬೆರಳಲ್ಲಿ ಎಳೆದರು, ಅಷ್ಟೂ ಬಂದುಬಿಟ್ಟಿತು. “ಇದು ಅಕ್ಕಿ ಮೂಟೆಯ ಬಾಯಿಗೆ ಹಾಕುವ ಹೊಲಿಗೆಯಮ್ಮ, ಒಂದೇ ದಾರದ ಸರಪಳಿ. ಕೆಳಗೆ ಬಾಬಿನ್ ಎಲ್ಲಿದೆ ತೋರಿಸು?” ಎಂದರು. ಕೆಳಗಿನ ಎರಡನೆಯ ದಾರ ಸುತ್ತಿಡುವ ಆ ಪುಟ್ಟ ಉರುಳೆ, ಬಾಬಿನ್, ಇರಲೇ ಇಲ್ಲ.

ಆಗ ಆ ಜಾಹೀರಾತನ್ನು ಮತ್ತೆ ನೋಡಿದೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಯಂತ್ರ ದಪ್ಪ ಹೊಲಿಗೆಯ ಹತ್ತಿರ ಬರುತ್ತಿದ್ದಂತೆಯೇ ವಿಡಿಯೊ ತುಂಡಾಗುತ್ತದೆ, ಮರುಕ್ಷಣ ಮುಗಿದ ಸ್ಕರ್ಟನ್ನು ತಿರುಗಿಸಿ ತೋರಿಸುತ್ತಾರೆ. ಅದರ ಮೇಲೂ ಕೆಳಗೂ ಒಂದೇ ಬಗೆಯ ನೇರ ಸಾಲು! ಒಂದೇ ದಾರದ ಹೊಲಿಗೆ ಕೆಳಗಡೆ ಸರಪಳಿಯಂತೆ ಕಾಣುತ್ತದೆ, ಈ ಯಂತ್ರ ಅಂಥ ನೇರ ಸಾಲು ಹಾಕಲು ಸಾಧ್ಯವೇ ಇಲ್ಲ. ಬೇರೆ ಯಂತ್ರದಲ್ಲಿ ಹೊಲಿದದ್ದನ್ನು ತಂದು ಇದರ ಪಕ್ಕದಲ್ಲಿ ಹಿಡಿದಿದ್ದಾರೆ. ಮೈ ಉರಿದುಹೋಯಿತು.

ಮಾರಿದವರಿಗೆ ದೂರು ಹೇಳಿದಾಗ ಅವರು ಕೊಟ್ಟ ಉತ್ತರಗಳನ್ನು ಕೇಳಿ. ಮೊದಲು, “ಮೇಡಂ, ಹೊಸ ಬ್ಯಾಟರಿ ಹಾಕಿ ನೋಡಿ.” ಹಾಕಿದೆ. ನಂತರ, “ನಿಮ್ಮ ಜೀನ್ಸ್ ದಪ್ಪ ಇದೆ, ತೆಳು ಜೀನ್ಸ್ ಬಳಸಿ.” ಹಾಗಾದರೆ ಎಂಟು ಪದರದ ಮಾತು ಏನಾಯಿತು ಎಂದು ಕೇಳಿದ್ದಕ್ಕೆ, ಪಾರ್ಸೆಲ್ ತೆರೆಯುವಾಗ ತೆಗೆದ ವಿಡಿಯೊ ಇಲ್ಲದಿದ್ದರೆ ಹಣ ವಾಪಸ್ ಇಲ್ಲವಂತೆ. ಬಿಚ್ಚಿಹೋದ ಹೊಲಿಗೆಯ ಫೋಟೊ ಕಳಿಸಿದಾಗ ಬಂದ ಉತ್ತರವನ್ನು ಮರೆಯಲಾರೆ: “ಹೊಲಿಗೆ ಬಂದಿದೆಯಲ್ಲ ಮೇಡಂ, ಅಂದ ಮೇಲೆ ಯಂತ್ರ ಸರಿಯಾಗಿಯೇ ಇದೆ.” ಜೊತೆಗೊಂದು ಕೈ ಮುಗಿದ ಚಿತ್ರ. ಹೊಲಿಗೆ ಬಂದಿದೆಯಂತೆ! ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು.

ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದ ವಸ್ತುವನ್ನು ಮಾರಾಟಗಾರರು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಮೋಸ ಹೋದವರು ನೀವೂ ದಾಖಲಿಸಿ. ಜೀನ್ಸ್ ಹೊಲಿಯಬೇಕೆನಿಸಿದರೆ ಬಾಬಿನ್ ಇರುವ ಮಾಮೂಲಿ ಯಂತ್ರಕ್ಕೆ 16 ಅಥವಾ 18ನೇ ನಂಬರಿನ ಸೂಜಿ ಹಾಕಿ, ದಪ್ಪ ಜಾಗದಲ್ಲಿ ಕೈಯಿಂದ ಚಕ್ರ ತಿರುಗಿಸಿ ನಿಧಾನವಾಗಿ ಹೊಲಿಯಿರಿ. ಅದೂ ಇಲ್ಲವಾದರೆ ಬೀದಿಯ ಟೇಲರಿಗೆ ಕೊಡಿ, ಕನಿಷ್ಠ ಅವರ ಅಂಗಡಿಗೆ ಹೋಗಿ ಜಗಳವಾಡಬಹುದು. ಕ್ಯಾಶ್ ಆನ್ ಡೆಲಿವರಿಯಲ್ಲಿ ಈಗಾಗಲೇ ಆರ್ಡರ್ ಹಾಕಿರುವವರು ಪಾರ್ಸೆಲ್ ತೆಗೆದುಕೊಳ್ಳದೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿ.