ಒಂದೇ ಸುತ್ತು, ಐದು ಸವಾರಿ: ಡಬ್ಬಿ ನೋಡಲು ಹೊರಟರೆ ಯಾವ ಗಾಡಿ?

ವರ್ಷಕ್ಕೆ ಎರಡು ಸಲ ನಾನೂ ನನ್ನ ತಮ್ಮನೂ ಒಂದೇ ದಾರಿಯಲ್ಲಿ ಸುತ್ತು ಹೊಡೆಯುತ್ತೇವೆ. ಮಂಗಳೂರಿನಿಂದ ಮೂಡುಬಿದಿರೆ, ಅಲ್ಲಿಂದ ಕಾರ್ಕಳ, ಹಿರಿಯಡ್ಕದ ಮೇಲೆ ಉಡುಪಿ, ಆಮೇಲೆ ಕಾಪು, ಪಡುಬಿದ್ರಿ, ಸುರತ್ಕಲ್ ಆಗಿ ವಾಪಸ್ ಮನೆ. ಒಳದಾರಿಗಳೆಲ್ಲ ಸೇರಿ 165 ಕಿಲೋಮೀಟರ್. ಈ ಸುತ್ತಿನಲ್ಲಿ ಜಿಯೋಕ್ಯಾಚಿಂಗ್ ಎಂಬ ಹುಡುಕಾಟದ ಆಟಕ್ಕೆಂದು ನಾವು ಅಡಗಿಸಿಟ್ಟ ಏಳು ಡಬ್ಬಿಗಳಿವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅವನ್ನೆಲ್ಲ ತೆರೆದು ನೋಡಬೇಕು. ನಮ್ಮ ಕರಾವಳಿಯ ಮಳೆಗೆ ಎಷ್ಟು ಗಟ್ಟಿ ಮುಚ್ಚಳ ಹಾಕಿದರೂ ಒಳಗಿನ ಕಾಗದ ಮುದ್ದೆಯಾಗಿರುತ್ತದೆ. ಹೊಸ ಕಾಗದ ಇಟ್ಟು ಬರುವುದು ಇಟ್ಟವರದ್ದೇ ಜವಾಬ್ದಾರಿ, ಅಲ್ವಾ.

ಜಿಯೋಕ್ಯಾಚಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಡಬ್ಬಿ ಅಡಗಿಸಿ ಅದರ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಇನ್ನೊಬ್ಬರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಹಾಗೆಯೇ ಇಟ್ಟು ಬರುತ್ತಾರೆ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ಅದಾದ ಕೂಡಲೇ, ಮೇ 3ರಂದು, ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಕಾಡಿನ ಅಂಚಲ್ಲಿ ಒಂದು ಕಪ್ಪು ಬಕೆಟ್ ಇಟ್ಟರು. ಆಟ ಶುರುವಾದದ್ದು ಹಾಗೆ. ಎರಡು ಡಬ್ಬಿಗಳ ನಡುವೆ ಕಡಿಮೆ ಎಂದರೂ 161 ಮೀಟರ್ ಇರಬೇಕು ಎಂಬ ನಿಯಮವಿದೆ. ಡಬ್ಬಿಗಳು ದಟ್ಟವಾಗಿರುವ ದೇಶಗಳಲ್ಲಿ ಒಂದು ಸಂಜೆ ನಡೆದರೆ ಹತ್ತು ಸಿಗಬಹುದು. ನಮ್ಮಲ್ಲಿ ಹಾಗಲ್ಲ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಇಪ್ಪತ್ತು ಕಿಲೋಮೀಟರ್ ಗಾಡಿ ಓಡಿಸಬೇಕು. ಹಾಗಾಗಿ ಪೆಟ್ರೋಲ್ ದರ ಏರಿದರೆ ಆ ಬಿಸಿ ನೇರ ಈ ಆಟಕ್ಕೆ ತಟ್ಟುತ್ತದೆ.

ನಾವು ಶುರು ಮಾಡಿದ್ದು 2019ರಲ್ಲಿ. ಆಗ ಪೆಟ್ರೋಲ್ ಲೀಟರಿಗೆ 75ರ ಆಸುಪಾಸು ಇತ್ತು. 2021ರಲ್ಲಿ ನೂರು ದಾಟಿತು. ಮಧ್ಯೆ ಸುಂಕ ಇಳಿಸಿದಾಗ ಸ್ವಲ್ಪ ಉಸಿರಾಡಿದೆವು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲಿಗೂ ಡೀಸೆಲಿಗೂ ಮೂರು ಮೂರು ರೂಪಾಯಿ ಜಾಸ್ತಿಯಾಯಿತು. ನಮ್ಮ ಸುತ್ತಿನ ಕೊನೆಗೆ ಸುರತ್ಕಲ್ ಬರುವಾಗ ಎಂಆರ್‌ಪಿಎಲ್‌ನ ಉರಿಯುವ ಕೊಳವೆ ಕಾಣಿಸುತ್ತದೆ. ಎಣ್ಣೆ ಶುದ್ಧ ಮಾಡುವ ಜಾಗ ಮನೆ ಹತ್ತಿರವೇ ಇದ್ದರೂ ನಮಗೆ ಅಗ್ಗವಿಲ್ಲ. ಬಂಕಿನ ದರದಲ್ಲಿ ತೆರಿಗೆಯ ಪಾಲು ಅಷ್ಟು ದೊಡ್ಡದು.

ಕಳೆದ ಎರಡೂವರೆ ವರ್ಷದಲ್ಲಿ ಈ ಸುತ್ತನ್ನು ಐದು ಬಗೆಯಲ್ಲಿ ಮಾಡಿ ನೋಡಿದೆ. ಅಪ್ಪನ ಪೆಟ್ರೋಲ್ ಕಾರು, ಮಾವನ ಡೀಸೆಲ್ ಕಾರು, ತಮ್ಮನ 100 ಸಿಸಿ ಬೈಕು, ನನ್ನ ಎಲೆಕ್ಟ್ರಿಕ್ ಸ್ಕೂಟರ್, ಮತ್ತೆ ಬಸ್ಸು. ದಾರಿ ಅದೇ, ಡಬ್ಬಿಗಳೂ ಅವೇ. ದರ ಬದಲಾಗುತ್ತಾ ಇದ್ದುದರಿಂದ ಹೋಲಿಸಲು ಸುಲಭವಾಗಲಿ ಎಂದು ಎಲ್ಲ ಕಡೆ ಪೆಟ್ರೋಲಿಗೆ 102, ಡೀಸೆಲಿಗೆ 90 ಎಂದೇ ಲೆಕ್ಕ ಹಾಕಿದ್ದೇನೆ. ಅಳೆದದ್ದು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ.

ಮೊದಲು ಅಪ್ಪನ ಕಾರು. 2012ರ ಸಣ್ಣ ಗಾಡಿ. ಹೈವೇಯಲ್ಲಿ ಸುಮ್ನೆ ಓಡಿಸಿದರೆ ಲೀಟರಿಗೆ 18 ಕೊಡುತ್ತದೆ. ಈ ಸುತ್ತಿನಲ್ಲಿ ಕೊಟ್ಟದ್ದು 14 ಚಿಲ್ಲರೆ. 11.5 ಲೀಟರ್ ಕುಡಿಯಿತು, ಅಂದರೆ 1,173 ರೂಪಾಯಿ. ಹೆಜಮಾಡಿಯ ಟೋಲ್, ಒಂದು ಕಡೆಯ ಪಾರ್ಕಿಂಗ್ ಸೇರಿ 1,260. ಏಳು ಡಬ್ಬಿಗೆ ಭಾಗಿಸಿದರೆ ಡಬ್ಬಿಗೆ 180 ರೂಪಾಯಿ. ಕಿಲೋಮೀಟರಿಗೆ ಎಷ್ಟು ಎನ್ನುವುದಕ್ಕಿಂತ ಡಬ್ಬಿಗೆ ಎಷ್ಟು ಎನ್ನುವುದೇ ನಮ್ಮ ಹುಡುಕಾಟಕ್ಕೆ ಸರಿಯಾದ ಅಳತೆ ಎಂದು ಆ ದಿನ ನನಗೆ ಅನಿಸಿತು.

ಮೈಲೇಜ್ ಇಷ್ಟು ಬಿದ್ದದ್ದು ಯಾಕೆ? ಡಬ್ಬಿ ಹುಡುಕುವ ಪ್ರಯಾಣ ಊರಿಗೆ ಹೋಗುವ ಪ್ರಯಾಣದ ಹಾಗಲ್ಲ. ಪ್ರತಿ ಡಬ್ಬಿಯ ಕೊನೆಯ ಎರಡು ಕಿಲೋಮೀಟರ್ ಒಂದನೇ, ಎರಡನೇ ಗೇರಿನಲ್ಲೇ ಸಾಗುತ್ತದೆ. ಎರಡೂ ಕಡೆ ಮುರಕಲ್ಲಿನ ಪಾಗಾರ, ಎದುರು ಒಂದು ರಿಕ್ಷಾ ಬಂದರೆ ರಿವರ್ಸ್. ಜೊತೆಗೆ ಎ.ಸಿ. ಹೈವೇಯಲ್ಲಿ ಬೇರೆಯೇ ತಾಪತ್ರಯ. ಫೋನು ಡಬ್ಬಿ 90 ಮೀಟರ್ ದೂರ ಎನ್ನುತ್ತದೆ. ಆದರೆ ಅದು ರಾಷ್ಟ್ರೀಯ ಹೆದ್ದಾರಿ 66ರ ಆಚೆ ಬದಿ. ಡಿವೈಡರ್ ತೆರೆದಿರುವುದು ಒಂದೂವರೆ ಕಿಲೋಮೀಟರ್ ಮುಂದೆ. ಹೋಗಿ ತಿರುಗಿ ಬಂದರೆ ಮೂರು ಕಿಲೋಮೀಟರ್ ಆಯಿತು. ನಮ್ಮ ಊರಿನ ಹೊಳೆಗಳೂ ಹಾಗೆಯೇ. ಶಾಂಭವಿ ನದಿಯ ಆಚೆ ದಡದ ಡಬ್ಬಿಯನ್ನು ಫೋನು 300 ಮೀಟರ್ ಎಂದು ತೋರಿಸಿದರೆ ಸೇತುವೆ ಎಲ್ಲಿದೆ ಎಂದು ಮೊದಲು ನೋಡಬೇಕು.

ಕಾರಿನ ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು. ಕಾರ್ಕಳದ ಹತ್ತಿರದ ಡಬ್ಬಿ ಒಂದು ಗುಡ್ಡೆಯ ಬದಿಯಲ್ಲಿದೆ. ಅಲ್ಲಿಗೆ ಹೋಗುವ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಮುಖ್ಯ ರಸ್ತೆಯಲ್ಲಿ, ಒಂದು ಅಂಗಡಿಯ ಎದುರು ನಿಲ್ಲಿಸಿ 400 ಮೀಟರ್ ನಡೆದೆವು. ಬಸ್ಸು ನಿಲ್ಲುವುದೂ ಅದೇ ಅಂಗಡಿಯ ಎದುರು. ಏಳರಲ್ಲಿ ನಾಲ್ಕು ಕಡೆ ಹೀಗೆಯೇ ಆಯಿತು. ಬಸ್ಸು ಇಳಿಸುವ ಜಾಗಕ್ಕಿಂತ ಒಂದು ಹೆಜ್ಜೆ ಮುಂದೆಯೂ ಕಾರು ನಮ್ಮನ್ನು ಒಯ್ಯಲಿಲ್ಲ.

ಮಾವನ ಡೀಸೆಲ್ ಕಾರಿನ ಬಗ್ಗೆ ಹೇಳುವುದು ಕಡಿಮೆ. 8.5 ಲೀಟರ್, 765 ರೂಪಾಯಿ, ಟೋಲ್ ಬೇರೆ. ಅತ್ತೆ ಮಾವ ಇಬ್ಬರೂ ಬಂದಿದ್ದರು, ನಾಲ್ಕು ಜನ. ತಲೆಗೆ ಲೆಕ್ಕ ಹಾಕಿದರೆ ಒಳ್ಳೆಯದೇ. ಆದರೆ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮತ್ತೆ ಎರಡು ರೂಪಾಯಿ ಏರಿದ ಮೇಲೆ ಪೆಟ್ರೋಲ್ ಡೀಸೆಲ್ ನಡುವಿನ ಅಂತರ ಇನ್ನೂ ಸಣ್ಣದಾಗಿದೆ. ಡಬ್ಬಿ ಹುಡುಕಲಿಕ್ಕೆಂದು ಯಾರೂ ಈಗ ಡೀಸೆಲ್ ಗಾಡಿ ತೆಗೆದುಕೊಳ್ಳಬೇಕಾಗಿಲ್ಲ.

ಈಗ ಬೈಕು. ನನಗೆ ತುಂಬಾ ಇಷ್ಟವಾದ ಸುತ್ತು ಇದೇ. ಅಕ್ಟೋಬರ್ ಕೊನೆ, ಗದ್ದೆಗಳಲ್ಲಿ ಕೊಯ್ಲು ನಡೆಯುತ್ತಿತ್ತು. 2.8 ಲೀಟರ್ ಪೆಟ್ರೋಲ್, 286 ರೂಪಾಯಿ. ಹೈವೇಯಲ್ಲಿ ದ್ವಿಚಕ್ರಕ್ಕೆ ಟೋಲ್ ಇಲ್ಲ. ಡಬ್ಬಿಗೆ 41 ರೂಪಾಯಿ ಬಿತ್ತು. ಇಬ್ಬರು ಕೂತು, ಬ್ಯಾಗ್ ಹಾಕಿಕೊಂಡು, ಕಾರಿನ ಕಾಲು ಭಾಗಕ್ಕಿಂತ ಕಡಿಮೆ ಖರ್ಚು.

ಹಣಕ್ಕಿಂತ ದೊಡ್ಡ ಲಾಭ ಸಮಯದ್ದು. ಕಾರಿನಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಏಳೂವರೆಗೆ ಮುಟ್ಟಿದ್ದೆವು. ಬೈಕಿನಲ್ಲಿ ನಾಲ್ಕೂವರೆಗೇ ಮನೆಯಲ್ಲಿದ್ದೆವು. ಓಣಿಯ ಒಳಗೆ ಹೋಗುತ್ತದೆ, ಪದವಿನ (ಗುಡ್ಡದ ನೆತ್ತಿಯ ಬಯಲಿನ) ಮೇಲಿನ ಕಲ್ಲುದಾರಿಯಲ್ಲಿ ಹೋಗುತ್ತದೆ, ತಪ್ಪಿದರೆ ಅಲ್ಲೇ ತಿರುಗುತ್ತದೆ. ಬೈಲೂರಿನ ಹತ್ತಿರ ಒಂದು ಮೋರಿಯ ಬಳಿ ನಾವು ಬಗ್ಗಿ ನೋಡುತ್ತಿದ್ದಾಗ ಹುಲ್ಲು ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ನಿಂತರು.

"ಎಂತ ಬಿದ್ದದ್ದು ಮಗಾ?"

"ಬಿದ್ದದ್ದಲ್ಲ ಅಜ್ಜಿ, ನಾವೇ ಇಟ್ಟ ಡಬ್ಬಿ. ಮಳೆಗೆ ಹೋಯಿತೋ ಏನೋ ಅಂತ ನೋಡುವುದು" ಎಂದ ತಮ್ಮ.

"ಹೋಗ್ಲಿಲ್ಲ. ಮೊನ್ನೆ ಮೇಲೆ ಬಂದಿತ್ತು, ನಾನೇ ಒಳಗೆ ನೂಕಿದ್ದು" ಎಂದರು. ಇಂಥ ಮಾತು ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಸಿಗುವುದು ಕಷ್ಟ.

ಬೈಕಿನ ತೊಂದರೆಗಳನ್ನೂ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುವುದಿಲ್ಲ. ಜಾರುವ ಮುರಕಲ್ಲು, ಹೈವೇಯಲ್ಲಿ ಲಾರಿ ಎರಚುವ ನೀರು, ಇದರ ಮಧ್ಯೆ ಫೋನಿನ ಪರದೆ ಕೆಲಸ ಮಾಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದು ಗಂಟೆ ಮೇಲೆ ಹೆಲ್ಮೆಟ್ ಒಳಗೆ ತಲೆ ಬೇಯುತ್ತದೆ. ಮೂರು ಕಡೆ ಬೊಂಡ, ಅಂದರೆ ಎಳನೀರು, ಕುಡಿಯಲು ನಿಲ್ಲಲೇಬೇಕು. ಇಬ್ಬರಿಗಿಂತ ಜಾಸ್ತಿ ಜನ ಇದ್ದರೆ ಬೈಕಿನ ಮಾತೇ ಇಲ್ಲ. ಇನ್ನು ಇಪ್ಪತ್ತು ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ದರ ಅಷ್ಟೇ ಕೊಟ್ಟರೂ ಓಟ ಸ್ವಲ್ಪ ಕುಗ್ಗುತ್ತದೆ. ಬೈಕಿನಲ್ಲಿ ಅದು ಹೆಚ್ಚು ತಿಳಿಯುವುದಿಲ್ಲ, ಕಾರಿನಲ್ಲಿ ಕಿಸೆಗೆ ತಿಳಿಯುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ನನಗೆ ತುಂಬಾ ನಿರೀಕ್ಷೆಯಿತ್ತು. ಕೊಳ್ಳುವಾಗ ಒಂದು ಚಾರ್ಜಿಗೆ 120 ಕಿಲೋಮೀಟರ್ ಎಂದಿದ್ದರು. ಇಬ್ಬರು ಕೂತು ನಮ್ಮ ಏರಿಳಿತದ ದಾರಿಯಲ್ಲಿ ಹೋದರೆ 85ರಿಂದ 90. ಕಾರ್ಕಳ ಮುಟ್ಟುವಾಗ, ಒಳದಾರಿ ಸೇರಿ 65 ಕಿಲೋಮೀಟರ್ ಆಗಿ, ಕಾಲು ಭಾಗ ಚಾರ್ಜ್ ಉಳಿದಿತ್ತು. ಪರಿಚಯದವರ ಮನೆಯಲ್ಲಿ ಎರಡೂವರೆ ಗಂಟೆ ಹಾಕಿದೆವು. ಅವರು ಊಟ ಹಾಕಿಯೇ ಕಳಿಸಿದರು. ಪರ್ಕಳದಿಂದ ಮಣಿಪಾಲಕ್ಕೆ ಏರುವಾಗ ಚಾರ್ಜಿನ ಅಂಕೆ ಕಣ್ಣೆದುರೇ ಇಳಿಯಿತು. ಉಡುಪಿಯಲ್ಲಿ ಮತ್ತೆ ಎರಡು ಗಂಟೆ. ಕತ್ತಲಾದ ಮೇಲೆ ಡಬ್ಬಿ ಹುಡುಕುವುದು ನಮ್ಮ ಕ್ರಮವಲ್ಲ, ಹಾಗಾಗಿ ಕಾಪುವಿನ ನಂತರದ ಎರಡು ಡಬ್ಬಿ ಬಿಟ್ಟು ರಾತ್ರಿ ಒಂಬತ್ತಕ್ಕೆ ಮನೆಗೆ ಬಂದೆವು. ಒಟ್ಟು ಆರು ಯೂನಿಟ್, ಯೂನಿಟಿಗೆ ಆರು ರೂಪಾಯಿ ಹಿಡಿದರೂ 36. ಐದು ಡಬ್ಬಿಗೆ ಭಾಗಿಸಿದರೆ ಡಬ್ಬಿಗೆ ಏಳು ರೂಪಾಯಿ ಚಿಲ್ಲರೆ. ಇಷ್ಟು ಅಗ್ಗ ಬೇರೆ ಯಾವುದೂ ಇಲ್ಲ. ಆದರೆ ನಾಲ್ಕೂವರೆ ಗಂಟೆ ಪ್ಲಗ್ಗಿನ ಪಕ್ಕ ಕಳೆಯಿತು. ಮೂಡುಬಿದಿರೆಗೆ ಹೋಗಿ ಬರುವಷ್ಟು ದೂರಕ್ಕೆ ಸ್ಕೂಟರಿಗೆ ಸಾಟಿಯಿಲ್ಲ, ಅದಕ್ಕಿಂತ ದೂರಕ್ಕೆ ನಾನಿನ್ನು ಒಯ್ಯುವುದಿಲ್ಲ.

ಸ್ಕೂಟರ್ ಇರುವವರು ಇನ್ನೊಂದು ಲೆಕ್ಕ ಮರೆಯಬಾರದು. ಗೃಹಜ್ಯೋತಿಯಲ್ಲಿ ಉಚಿತ ಕರೆಂಟು ಸಿಗುವುದು ನಮ್ಮ ಹಳೆಯ ಸರಾಸರಿಯ ಮೇಲೆ ಹತ್ತು ಶೇಕಡಾ ಸೇರಿಸಿ, 200 ಯೂನಿಟಿನ ಒಳಗೆ. ಮನೆಯಲ್ಲೇ ಚಾರ್ಜ್ ಮಾಡಲು ಶುರು ಮಾಡಿದ ಮೇಲೆ ನಮ್ಮ ಮಿತಿ ದಾಟಿ ಬಿಲ್ಲು ಬರತೊಡಗಿತು. ಪೆಟ್ರೋಲಿನ ಎದುರು ಅದು ಸಣ್ಣ ಮೊತ್ತವೇ. ಆದರೆ ಕರೆಂಟು ಪುಕ್ಕಟೆ ಎಂದುಕೊಂಡು ಸ್ಕೂಟರ್ ಕೊಳ್ಳಬೇಡಿ.

ಕೊನೆಗೆ ಬಸ್ಸು. ಬಸ್ಸಿನಲ್ಲಿ ತಲೆಗೊಂದು ಟಿಕೆಟ್, ಆದ್ದರಿಂದ ಒಬ್ಬಳೇ ಹೋದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಮ್ಮ ಜಿಲ್ಲೆಗಳಲ್ಲಿ ಮಾತ್ರ ಖಾಸಗಿ ಬಸ್ಸುಗಳದ್ದೇ ಓಟ. ಈ ಸುತ್ತಿನಲ್ಲಿ ನನಗೆ ಸಿಕ್ಕಿದ್ದೆಲ್ಲ ಅವೇ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಶುರು ಮಾಡಿ ಮತ್ತೆ ಅಲ್ಲಿಗೇ ಬರುವಾಗ ಟಿಕೆಟಿಗೆ ಒಟ್ಟು 250 ರೂಪಾಯಿ ಆಗಿತ್ತು. ನೋಡಲು ಆದದ್ದು ನಾಲ್ಕು ಡಬ್ಬಿ. ಡಬ್ಬಿಗೆ 62 ರೂಪಾಯಿ. ಇಬ್ಬರಾದರೆ 125, ಅಂದರೆ ಬೈಕಿನ ಮೂರು ಪಟ್ಟು.

ಲೆಕ್ಕದಲ್ಲಿ ಬಸ್ಸು ಸೋತಿತು. ಆದರೂ ಆ ದಿನದ ನೆಮ್ಮದಿ ಬೇರೆ. ಬಸ್ಸು ಕಾಯುವ ಚಿಂತೆಯಿರಲಿಲ್ಲ, ಒಂದು ಹೋದರೆ ಹಿಂದೆ ಇನ್ನೊಂದು. ಇಳಿಯುವ ಮೊದಲೇ ಕಂಡಕ್ಟರ್ "ರೈಟ್, ಪೋಯಿ" (ತುಳುವಿನಲ್ಲಿ ಹೋಗೋಣ) ಎನ್ನುವ ಅವಸರ ಒಂದೇ ಕಷ್ಟ. ಕಿಟಕಿ ಪಕ್ಕ ಕೂತು ಮುಂದಿನ ಡಬ್ಬಿಯ ಸುಳಿವನ್ನು ಇನ್ನೊಮ್ಮೆ ಓದಿದೆ. ಡ್ರೈವಿಂಗ್ ಮಾಡುವವರಿಗೆ ಆ ಭಾಗ್ಯವಿಲ್ಲ. ಕಾರ್ಕಳದ ಆ ಅಂಗಡಿಯ ಎದುರು ಇಳಿದು ಅದೇ 400 ಮೀಟರ್ ನಡೆದೆ.

ನಗರದೊಳಗಿನ ಡಬ್ಬಿಗಳಿಗೆ ಗಾಡಿಯೇ ಬೇಡ. ಬೆಂಗ್ರೆ ಕಡೆ ಹೋಗಬೇಕಾದರೆ ಹಳೆ ಬಂದರಿನಿಂದ ಫೆರಿ ಇದೆ. ರಸ್ತೆಯಲ್ಲಿ ಕೂಳೂರು ಸುತ್ತಿಕೊಂಡು ಹೋಗುವ ದೂರ ಪೂರ್ತಿ ಉಳಿಯುತ್ತದೆ.

ನನ್ನ ತೀರ್ಮಾನ ಹೀಗಿದೆ. ಇಬ್ಬರು, ಮಳೆಯಿಲ್ಲದ ದಿನ, ದೂರದ ಸುತ್ತು: ಕಣ್ಣು ಮುಚ್ಚಿ ಬೈಕು. ಮೂರು ನಾಲ್ಕು ಜನ, ಅಥವಾ ಮಕ್ಕಳು, ಹಿರಿಯರು ಜೊತೆಗಿದ್ದರೆ ಕಾರು, ಆದರೆ ಒಂದೆರಡು ಡಬ್ಬಿಗಾಗಿ ಅಲ್ಲ. ಪಟ್ಟಿಯಲ್ಲಿ ಕಡಿಮೆ ಎಂದರೂ ಆರು ಸೇರುವವರೆಗೆ ಕಾಯುತ್ತೇವೆ. ಮೊದಲು ಹೊಸ ಡಬ್ಬಿಯ ಸುದ್ದಿ ಬಂದ ಸಂಜೆಯೇ ಹೊರಟುಬಿಡುತ್ತಿದ್ದೆವು, ಅದು ನಿಂತಿತು. ಒಬ್ಬರೇ ಇದ್ದರೆ, ಅವಸರವಿಲ್ಲದಿದ್ದರೆ ಬಸ್ಸು.

ಇದಕ್ಕಿಂತ ಮುಖ್ಯವಾದ ಬದಲಾವಣೆ ಡಬ್ಬಿ ಇಡುವ ಕಡೆಯಿಂದ ಆಗಿದೆ. ಹುಡುಕಿ ಬರುವವರ ಪೆಟ್ರೋಲಿನ ಖರ್ಚನ್ನು ನಿರ್ಧರಿಸುವುದು ನಾವು ಅದನ್ನು ಎಲ್ಲಿಡುತ್ತೇವೆ ಎನ್ನುವುದೇ. ಓಣಿ ಒಳಗೆ ಮೂರು ಕಿಲೋಮೀಟರ್ ಓಡಿಸಿ ಒಂದು ಸಾಮಾನ್ಯ ಮೋರಿಯ ಕೆಳಗಿನ ಡಬ್ಬಿ ತೋರಿಸುವುದು ಈಗಿನ ದರದಲ್ಲಿ ನ್ಯಾಯವಲ್ಲ ಎಂದು ನನಗೆ ಅನಿಸುತ್ತದೆ. ಹೋದ ಬೇಸಿಗೆಯಲ್ಲಿ ಎರಡು ಡಬ್ಬಿಗಳನ್ನು ಬಸ್ ಸ್ಟಾಪಿನಿಂದ ನಡೆಯುವಷ್ಟು ಹತ್ತಿರಕ್ಕೆ ತಂದಿಟ್ಟೆವು. ಏಳರ ವಿವರದಲ್ಲೂ ಯಾವ ಸ್ಟಾಪಿನಲ್ಲಿ ಇಳಿಯಬೇಕು, ಅಲ್ಲಿಂದ ಎಷ್ಟು ನಡೆಯಬೇಕು ಎಂದು ಬರೆದೆವು.

ಈ ಸಲ ಮಳೆ ಮುಗಿದ ಮೇಲೆ ಬೈಕಿನಲ್ಲಿ ಹೋದಾಗ ಪಡುಬಿದ್ರಿ ಹತ್ತಿರದ ಡಬ್ಬಿ ತೆರೆದೆವು. ಕಾಗದದ ಒಂದು ಮೂಲೆ ಮಾತ್ರ ಒದ್ದೆಯಾಗಿತ್ತು. ನೀಲಿ ಪೆನ್ನಿನಲ್ಲಿ ಯಾರೋ ಬರೆದಿದ್ದರು: "ಬಸ್ಸಲ್ಲಿ ಬಂದೆ. ಸ್ಟಾಪಿನಿಂದ ಆರೇ ನಿಮಿಷ." ತಮ್ಮ ಅದನ್ನು ಎರಡು ಸಲ ಓದಿ, "ಅಕ್ಕಾ, ನಾವು ಎಂಟು ಅಂತ ಬರೆದದ್ದು, ತಿದ್ದಬೇಕು" ಎಂದ.